ಹಡಗಿನಿಂದ ಹಾಸಿಗೆಗೆ

ಇಂಗ್ಲಿಷಿನಲ್ಲಿ ‘ಸ್ನಗ್’ ಎಂಬ ಒಂದು ಪುಟ್ಟ ಪದವುಂಟು. ನಾಲ್ಕೇ ಅಕ್ಷರ, ಒಂದೇ ಉಸಿರು. ಪಾಠದಲ್ಲಿ ಅದು ಎದುರಾದಾಗ ವಿದ್ಯಾರ್ಥಿಗಳು ನಿಘಂಟನ್ನು ತೆರೆದು ನೋಡುತ್ತಾರೆ. ‘ಬೆಚ್ಚಗಿನ, ಸುಖಕರವಾದ’ ಎಂದು ಪುಟದ ಅಂಚಿನಲ್ಲಿ ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾರೆ. ಅರ್ಥವೇನೋ ತಪ್ಪಲ್ಲ. ಆದರೆ ಮಾವನ್ನು ‘ಸಿಹಿಯಾದ ಒಂದು ಹಣ್ಣು’ ಎಂದು ವಿವರಿಸಿದರೆ ಎಷ್ಟು ಹೇಳಿದಂತಾಗುವುದೋ ಇದರಿಂದಲೂ ಅಷ್ಟೇ ಹೇಳಿದಂತಾಗುತ್ತದೆ. ಅರಮನೆಯ ಸಭಾಂಗಣದಲ್ಲಿ ಎಷ್ಟೇ ಮೆತ್ತನೆಯ ಆಸನಗಳಿದ್ದರೂ ಅದನ್ನು ಯಾರೂ ‘ಸ್ನಗ್’ ಎನ್ನುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಹೊಂಗೆಮರದ ನೆರಳಿನಲ್ಲಿ ಗಾಳಿಗೆ ಮೈಯೊಡ್ಡಿ ಮಲಗಿದವನು ಸುಖಿಯೇ ಹೌದು. ಆದರೂ ಅವನು ಸ್ನಗ್ ಅಲ್ಲ. ಹೊರಗೆ ಹಿಮ ಸುರಿಯುತ್ತಿರುವಾಗ ಕಿರಿದಾದ ಕೋಣೆಯೊಂದರ ಮೂಲೆಯಲ್ಲಿ ಹಳೆಯ ಕಂಬಳಿ ಹೊದ್ದು ಮುದುಡಿ ಕುಳಿತ ಬಡ ಮುದುಕಿ ಮಾತ್ರ ಸ್ನಗ್ ಆಗಿರಬಲ್ಲಳು. ಸಿರಿತನಕ್ಕೆ ದೊರೆಯದೆ ಕಂಬಳಿಗೆ ದೊರೆಯುವ ಈ ಸುಖ ಎಂಥದು? ಇದನ್ನು ತಿಳಿಯಬೇಕಾದರೆ ಮನೆಯನ್ನು ಬಿಟ್ಟು ಮೊದಲು ಸಮುದ್ರಕ್ಕೆ ಹೋಗಬೇಕು.

ಗುಣವಾಚಕವಾಗಿ ಈ ಪದವು ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು 16ನೆಯ ಶತಮಾನದ ಕೊನೆಯಲ್ಲಿ. ಆಗ ಅದು ಹಡಗಿಗೆ ಸಂಬಂಧಿಸಿದ ಮಾತು. ಅದರ ಮೂಲ ಖಚಿತವಾಗಿ ಗೊತ್ತಿಲ್ಲವಾದರೂ ಉತ್ತರ ಯುರೋಪಿನ ಕಡಲಿಗರ ಭಾಷೆಗಳಲ್ಲಿ ಅದಕ್ಕೆ ನಂಟರು ಇದ್ದಾರೆಂದು ಭಾಷಾವಿದ್ವಾಂಸರು ಊಹಿಸುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ಇದನ್ನು ಹೋಲುವ ಪದಕ್ಕೆ ‘ಅಚ್ಚುಕಟ್ಟಾದ’ ಎಂದರ್ಥ. ಹಳೆಯ ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ‘ಕೂದಲನ್ನು ಮೋಟಾಗಿ ಕತ್ತರಿಸಿದ’ ಎಂದರ್ಥ. ಕೂದಲು ಕತ್ತರಿಸುವುದಕ್ಕೂ ಕಂಬಳಿ ಹೊದೆಯುವುದಕ್ಕೂ ಎಲ್ಲಿಯ ಸಂಬಂಧವೆಂದು ಕೇಳಬಹುದು. ಹಾಯಿಹಡಗಿನ ಮೇಲೆ ಬಿರುಗಾಳಿಯ ಹಿಂದಿನ ಗಳಿಗೆಯನ್ನು ಕಲ್ಪಿಸಿಕೊಂಡರೆ ಸಂಬಂಧ ತಾನಾಗಿಯೇ ಹೊಳೆಯುತ್ತದೆ.

ದಿಗಂತದಲ್ಲಿ ಕಪ್ಪು ಕವಿದು ಬರುತ್ತಿದೆ. ಅಲ್ಲಿಯವರೆಗೆ ಗಾಳಿಯನ್ನು ಬಯಸಿ ಹರಡಿಕೊಂಡಿದ್ದ ಹಾಯಿಗಳೇ ಈಗ ಹಡಗಿಗೆ ಶತ್ರುಗಳಾಗಿವೆ. ನಾವಿಕರು ಮೇಲೇರಿ ಅವುಗಳನ್ನು ಸುತ್ತಿ ಕಟ್ಟುತ್ತಾರೆ. ಹಾಯಿಗಳನ್ನು ಹೊತ್ತ ಕೂವೆಮರಗಳ ಮೇಲಿನ ತುಂಡುಗಳನ್ನು ಬಿಚ್ಚಿ ಕೆಳಗಿಳಿಸುತ್ತಾರೆ. ಎತ್ತರವಾದುದನ್ನೇ ಗಾಳಿ ಮೊದಲು ಹಿಡಿಯುತ್ತದೆ. ಪೀಪಾಯಿ, ಪೆಟ್ಟಿಗೆ, ಫಿರಂಗಿ, ಸಣ್ಣ ದೋಣಿ, ಹೀಗೆ ಉರುಳಬಲ್ಲ, ಜಾರಬಲ್ಲ ಪ್ರತಿಯೊಂದು ವಸ್ತುವನ್ನೂ ಹಗ್ಗದಿಂದ ಬಿಗಿಯುತ್ತಾರೆ. ಮೇಲ್ತಟ್ಟಿನಿಂದ ಒಳಕ್ಕೆ ಇಳಿಯುವ ಬಾಯಿಗಳಿಗೆ ಹಲಗೆ ಮುಚ್ಚಿ, ಅದರ ಮೇಲೆ ಟಾರ್ಪಾಲಿನ್ ಎಳೆದು, ಪಟ್ಟಿಗಳಿಂದ ಬಂಧಿಸುತ್ತಾರೆ. ಗಾಳಿಯ ಕೈಗೆ ಸಿಗುವಂಥ ಯಾವ ಜುಟ್ಟೂ ಈಗ ಹಡಗಿಗೆ ಉಳಿದಿಲ್ಲ. ಕೂದಲನ್ನು ಮೋಟಾಗಿ ಕತ್ತರಿಸಿಕೊಂಡ ತಲೆಯಂತೆ ಅದು ಬೋಳಾಗಿ, ಅಡಕವಾಗಿ, ಎಲ್ಲ ಕಡೆಯೂ ಮುಚ್ಚಿಕೊಂಡು ನಿಂತಿದೆ. ಇಂಥ ಹಡಗನ್ನು ನಾವಿಕರು ‘ಸ್ನಗ್’ ಎಂದು ಕರೆದರು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಪದದಲ್ಲಿ ಮೊದಲು ಇದ್ದದ್ದು ಸುಖವಲ್ಲ, ಸಿದ್ಧತೆ. ಅದೂ ಸುಮ್ಮನೆ ಮಾಡಿದ ಸಿದ್ಧತೆಯಲ್ಲ. ಬರಲಿರುವ ಒಂದು ಆಪತ್ತನ್ನು ಕಣ್ಣೆದುರಿಗೆ ಇಟ್ಟುಕೊಂಡು ಬೆವರು ಸುರಿಸಿ ಮಾಡಿದ್ದು. 1719ರಲ್ಲಿ ಪ್ರಕಟವಾದ ಡೇನಿಯಲ್ ಡೀಫೋನ ‘ರಾಬಿನ್ಸನ್ ಕ್ರೂಸೋ’ ಕಾದಂಬರಿಯ ಆರಂಭದಲ್ಲಿ ಈ ಪದವು ಇದೇ ಅರ್ಥದಲ್ಲಿ ಬಂದಿದೆ. ತಂದೆಯ ಮಾತನ್ನು ಮೀರಿ ಹಲ್ ಪಟ್ಟಣದಿಂದ ಹಡಗು ಹತ್ತಿದ ಕ್ರೂಸೋ, ಯಾರ್ಮತ್ ಎಂಬಲ್ಲಿ ಲಂಗರು ಹಾಕಿ ನಿಂತಿದ್ದಾಗ ಗಾಳಿ ಜೋರಾಗುತ್ತದೆ. ಎಲ್ಲರೂ ಕೂಡಿ ಮೇಲಿನ ಕೂವೆಮರಗಳನ್ನು ಇಳಿಸಿ, ಹಡಗು ಅಲೆಗಳ ಮೇಲೆ ಹಗುರವಾಗಿ ತೇಲಲೆಂದು ಎಲ್ಲವನ್ನೂ ಸ್ನಗ್ ಮಾಡುತ್ತಾರೆ. ಆದರೆ ಬಿರುಗಾಳಿಯ ಬಲ ಮನುಷ್ಯರ ಎಣಿಕೆಗೆ ಮೀರಿದ್ದು. ಕೊನೆಗೆ ಕೂವೆಮರಗಳನ್ನೇ ಕಡಿಯಬೇಕಾಯಿತು. ತಳದಲ್ಲಿ ನೀರು ಒಸರತೊಡಗಿತು. ಬೇರೊಂದು ಹಡಗಿನವರು ಕಳುಹಿಸಿದ ದೋಣಿಗೆ ಇಳಿದು ಎಲ್ಲರೂ ಜೀವ ಉಳಿಸಿಕೊಂಡ ಸ್ವಲ್ಪ ಹೊತ್ತಿನಲ್ಲಿಯೇ ಅವರ ಹಡಗು ಮುಳುಗಿಹೋಯಿತು. ಸ್ನಗ್ ಆದ ಹಡಗು ಮುಳುಗುವುದಿಲ್ಲವೆಂಬ ಭರವಸೆಯನ್ನು ಈ ಪದವು ಎಂದೂ ಕೊಟ್ಟದ್ದಿಲ್ಲ. ಮಾಡಬೇಕಾದುದೆಲ್ಲವನ್ನೂ ಮಾಡಿಯಾಗಿದೆ ಎಂಬುದಷ್ಟೇ ಅದರ ಮಾತು.

ಕಡಲನ್ನು ಕಾಣದ ಮಲೆನಾಡಿನ ಹುಡುಗರಿಗೂ ಈ ಅರ್ಥ ಅಪರಿಚಿತವೇನಲ್ಲ. ಮೇ ತಿಂಗಳಿನಲ್ಲಿ ಅಲ್ಲಿಯ ಮನೆಗಳಲ್ಲಿ ನಡೆಯುವ ಕೆಲಸಗಳನ್ನು ನೆನೆದರೆ ಸಾಕು. ಒಣಗಿದ ಸೌದೆ ಕೊಟ್ಟಿಗೆ ಸೇರುತ್ತದೆ. ಒಡೆದ ಹೆಂಚುಗಳು ಬದಲಾಗುತ್ತವೆ. ಜಗಲಿಗೆ ಎರಚಲು ಹೊಡೆಯದಂತೆ ಅಡಕೆಯ ಸೋಗೆಯಿಂದ ತಟ್ಟಿ ಕಟ್ಟುತ್ತಾರೆ. ಹಪ್ಪಳ ಸಂಡಿಗೆಗಳು ಡಬ್ಬಗಳಲ್ಲಿ ಕುಳಿತು ಮುಚ್ಚಳ ಹಾಕಿಕೊಳ್ಳುತ್ತವೆ. ಜೂನ್ ತಿಂಗಳ ಮೊದಲ ಮಳೆ ಬೀಳುವ ಹೊತ್ತಿಗೆ ಮನೆಯೂ ಒಂದು ಹಡಗೇ ಆಗಿರುತ್ತದೆ. ಆಷಾಢದ ರಾತ್ರಿಯ ಬೆಚ್ಚನೆಯ ಸುಖದ ಹಿಂದೆ ಒಂದು ತಿಂಗಳ ಬಿಸಿಲಿನ ದುಡಿಮೆಯಿರುತ್ತದೆ.

ಹಡಗಿನ ಗುಣವು ಹಡಗಿನಲ್ಲಿರುವವನಿಗೆ ಸಂದುದು ಸಹಜವೇ. ಸಿದ್ಧವಾದ ಹಡಗಿನ ಒಳಗೆ, ಅಲೆಯ ಹೊಡೆತ ಹಲಗೆಗೆ ತಾಗುವುದನ್ನು ಕೇಳುತ್ತ, ಒದ್ದೆಯಾಗದ ಮೂಲೆಯಲ್ಲಿ ಮೈಚಾಚಿದ ನಾವಿಕನು ತಾನೂ ಸ್ನಗ್ ಆದನು. 17ನೆಯ ಶತಮಾನದ ಮೊದಲರ್ಧದಲ್ಲಿ ‘ಹಿತವಾಗಿ, ನೆಮ್ಮದಿಯಾಗಿ ಇರುವ’ ಎಂಬ ಅರ್ಥ ಬಳಕೆಗೆ ಬಂದಿತು. ‘ಒತ್ತಿಕೊಂಡು ಮಲಗು’ ಎಂಬ ಅರ್ಥದಲ್ಲಿ ಇದೇ ರೂಪದ ಕ್ರಿಯಾಪದವೊಂದು ಅದಕ್ಕೂ ಮೊದಲೇ ಬಳಕೆಯಲ್ಲಿದ್ದು, ಅದರಿಂದ ಆ ಶತಮಾನದ ಉತ್ತರಾರ್ಧದಲ್ಲಿ ‘ಸ್ನಗಲ್’ ಎಂಬ ಮತ್ತೊಂದು ಕ್ರಿಯಾಪದ ಹುಟ್ಟಿತು. ತಾಯಿಯ ಮಗ್ಗುಲಿಗೆ ಮಗು ಸರಿದು ಒತ್ತಿಕೊಳ್ಳುವುದು, ನಾಯಿಮರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ಮೂತಿ ತೂರಿಸುವುದು, ಇವೆಲ್ಲ ಸ್ನಗಲ್.

ಪದದ ಇನ್ನೊಂದು ಕವಲು ಬಡಗಿಯ ಕಡೆಗೆ ಹೋಯಿತು. ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಅಥೆನ್ಸಿನ ಕೆಲವು ಕಸುಬುದಾರರು ರಾಜನ ಮದುವೆಯ ಸಂದರ್ಭಕ್ಕಾಗಿ ನಾಟಕವೊಂದನ್ನು ಕಲಿಯುತ್ತಾರೆ. ಅವರ ಹೆಸರುಗಳೆಲ್ಲ ಕಸುಬಿಗೆ ತಕ್ಕವು. ನೇಕಾರನ ಹೆಸರು ನೂಲು ಸುತ್ತುವ ಉಂಡೆಯದು. ಪಾತ್ರೆ ರಿಪೇರಿ ಮಾಡುವವನ ಹೆಸರು ಕೆಟಲಿನ ಮೂತಿಯನ್ನು ನೆನಪಿಸುವಂಥದು. ಮರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಪೀಠೋಪಕರಣ ಮಾಡುವ ಬಡಗಿಯ ಹೆಸರು ಸ್ನಗ್. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಬೇಕು; ಅದು ಒಳ್ಳೆಯ ಬಡಗಿಯ ಗುರುತು. ಈ ಸ್ನಗ್‌ಗೆ ದೊರೆತದ್ದು ಸಿಂಹದ ಪಾತ್ರ. ತಾನು ಪಾಠ ಕಲಿಯುವುದರಲ್ಲಿ ಮಂದನೆಂದು ಅವನು ಹೆದರಿದಾಗ, ಗರ್ಜಿಸುವುದಲ್ಲದೆ ಅದರಲ್ಲಿ ಬೇರೆ ಮಾತೇ ಇಲ್ಲವೆಂದು ಗೆಳೆಯರು ಧೈರ್ಯ ಹೇಳುತ್ತಾರೆ. ನಾಟಕದ ದಿನ ರಾಣಿವಾಸದವರು ಬೆದರಿಯಾರೆಂದು, ತಾನು ಸಿಂಹವಲ್ಲ, ಬಡಗಿ ಸ್ನಗ್ ಎಂದು ಅವನೇ ರಂಗದ ಮೇಲೆ ಸಾರಿಬಿಡುತ್ತಾನೆ! ಈ ಸಿಂಹದಷ್ಟು ಸಾಧುವಾದ ಸಿಂಹ ನಾಟಕಸಾಹಿತ್ಯದಲ್ಲಿ ಮತ್ತೊಂದಿರಲಾರದು.

ಬಡಗಿಯ ಈ ಅರ್ಥ ಇಂದಿಗೂ ಜೀವಂತವಾಗಿದೆ. ಮೈಯಳತೆಗೆ ಸರಿಯಾಗಿ ಕೂರುವ ಅಂಗಿಯನ್ನು ಇಂಗ್ಲಿಷಿನವರು ಸ್ನಗ್ ಎನ್ನುತ್ತಾರೆ. ಕಾರಿನ ಸುರಕ್ಷಾಪಟ್ಟಿ, ದ್ವಿಚಕ್ರವಾಹನದ ಹೆಲ್ಮೆಟ್ಟು ಹೇಗಿರಬೇಕೆಂಬುದನ್ನು ಹೇಳುವಾಗಲೂ ಇದೇ ಪದ ಬರುತ್ತದೆ: ಉಸಿರು ಕಟ್ಟುವಷ್ಟು ಬಿಗಿಯಾಗಬಾರದು, ಅಲುಗಾಡುವಷ್ಟು ಸಡಿಲವೂ ಆಗಬಾರದು. ಉಕ್ಕಿನ ತೊಲೆಗಳನ್ನು ಜೋಡಿಸುವ ಎಂಜಿನಿಯರುಗಳಲ್ಲಿ ‘ಸ್ನಗ್ ಟೈಟ್’ ಎಂಬುದೊಂದು ಪಾರಿಭಾಷಿಕ ಪದವೇ ಆಗಿದೆ. ಕೆಲಸಗಾರನು ಸಾಮಾನ್ಯ ಸ್ಪ್ಯಾನರಿನಿಂದ ತನ್ನ ಪೂರ್ಣ ಶಕ್ತಿ ಹಾಕಿ ಬೋಲ್ಟನ್ನು ತಿರುಗಿಸಿದಾಗ ಉಕ್ಕಿನ ತಗಡುಗಳು ಒಂದನ್ನೊಂದು ಗಟ್ಟಿಯಾಗಿ ಮುಟ್ಟಿ ನಿಲ್ಲುವ ಸ್ಥಿತಿಯೇ ಅದು. ಸೇತುವೆಯ ಬೋಲ್ಟಿಗೂ ತೊಟ್ಟಿಲ ಮಗುವಿಗೂ ಒಂದೇ ಗುಣವಾಚಕ ಸಲ್ಲುವುದು ವಿಚಿತ್ರವೆನಿಸಬಹುದು. ಆದರೆ ಎರಡು ಕಡೆಯೂ ಇರುವುದು ಒಂದೇ ಭಾವ. ಸುತ್ತಲಿನದು ಒಳಗಿನದನ್ನು ಎಲ್ಲ ಕಡೆಯಿಂದ ಹಿಡಿದುಕೊಂಡಿದೆ, ನೋಯಿಸಿಲ್ಲ.

ಈ ಪದವನ್ನು ಇಂಗ್ಲಿಷ್ ಮಕ್ಕಳ ನಾಲಗೆಯ ಮೇಲೆ ನೆಲೆಗೊಳಿಸಿದ್ದು ಒಂದು ಪ್ರಾಸದ ಮಾತು. ‘ಸ್ನಗ್ ಆ್ಯಸ್ ಎ ಬಗ್ ಇನ್ ಎ ರಗ್’ ಎಂಬುದು ಅದು. ಕಂಬಳಿಯೊಳಗಿನ ಹುಳುವಿನಂತೆ ಬೆಚ್ಚಗೆ ಎಂದು ಅದರ ತಾತ್ಪರ್ಯ. 1769ರ ಹೊತ್ತಿಗೆ ಅದು ಅಚ್ಚಿನಲ್ಲಿ ಕಾಣಿಸಿಕೊಂಡಿತ್ತು. ಇಲ್ಲಿಯ ‘ರಗ್’ ನೆಲಕ್ಕೆ ಹಾಸುವ ಜಮಖಾನೆಯಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಹಾಸಿಗೆಯ ಮೇಲೆ ಹೊದೆಯುತ್ತಿದ್ದ ಒರಟಾದ ದಪ್ಪ ಉಣ್ಣೆಯ ಹೊದಿಕೆಗೂ ಅದೇ ಹೆಸರು. ಈಗಿನ ಇಂಗ್ಲಿಷಿನಲ್ಲಿ ಹೆಚ್ಚಾಗಿ ನೆಲಕ್ಕಿಳಿದಿರುವ ಈ ಪದ ಕನ್ನಡದಲ್ಲಿ ಮಾತ್ರ ಇನ್ನೂ ಹಾಸಿಗೆಯ ಮೇಲೆಯೇ ಇದೆ. ಚಳಿಗಾಲದಲ್ಲಿ ‘ರಗ್ಗು ಹೊದ್ದುಕೊ’ ಎಂದು ಹೇಳುವ ಅಜ್ಜಿ ತನಗೆ ತಿಳಿಯದೆಯೇ ಇಂಗ್ಲಿಷಿನ ಒಂದು ಹಳೆಯ ಅರ್ಥವನ್ನು ಕಾಪಾಡಿಕೊಂಡು ಬಂದಿದ್ದಾಳೆ.

ಈ ನುಡಿಗಟ್ಟಿಗೆ ಕೀರ್ತಿ ತಂದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮುಖ್ಯನು. ಮಿಂಚು ವಿದ್ಯುತ್ತೇ ಎಂದು ತೋರಿಸಿಕೊಟ್ಟ ವಿಜ್ಞಾನಿಯೆಂದು ವಿದ್ಯಾರ್ಥಿಗಳು ಅವನನ್ನು ಬಲ್ಲರು. ಅವನು ಲಂಡನ್ನಿನಲ್ಲಿದ್ದ ಕಾಲದಲ್ಲಿ ಅವನ ಹೆಂಡತಿ ಅಮೆರಿಕದಿಂದ ಕಳುಹಿಸಿದ ಅಳಿಲೊಂದನ್ನು ಜಾರ್ಜಿಯಾನ ಶಿಪ್ಲಿ ಎಂಬ, ತನ್ನ ಸ್ನೇಹಿತನಾದ ಬಿಷಪ್ಪನ ಮಗಳಿಗೆ ಕೊಟ್ಟಿದ್ದನು. ಅಳಿಲು ಒಂದು ದಿನ ಪಂಜರದಿಂದ ಹೊರಬಿದ್ದು ನಾಯಿಯ ಬಾಯಿಗೆ ಸಿಕ್ಕಿ ಸತ್ತಿತು. 1772ರ ಸೆಪ್ಟೆಂಬರಿನಲ್ಲಿ ಫ್ರಾಂಕ್ಲಿನ್ ಆ ಹುಡುಗಿಗೆ ಸಂತಾಪದ ಪತ್ರವೊಂದನ್ನು ಬರೆದು, ಅದರೊಳಗೆ ಅಳಿಲಿಗೆ ಸಮಾಧಿಲೇಖವನ್ನೂ ರಚಿಸಿದನು. ಮೊದಲನೆಯ ಲೇಖ ಗಂಭೀರವಾದದ್ದು, ದೀರ್ಘವಾದದ್ದು. ಹೆಚ್ಚು ಸ್ವಾತಂತ್ರ್ಯವನ್ನು ಬಯಸುವವರು, ಅವರು ಪ್ರಜೆಗಳಾಗಲಿ, ಮಕ್ಕಳಾಗಲಿ, ಅಳಿಲುಗಳಾಗಲಿ, ಕಟ್ಟುಪಾಡೇ ಕೆಲವೊಮ್ಮೆ ಕಾವಲಾಗಿರುತ್ತದೆಂಬುದನ್ನು ಮರೆಯಬಾರದೆಂದು ಅದರ ಉಪದೇಶ. ಇಷ್ಟು ಬರೆದ ಮೇಲೆ, ಸಾಮಾನ್ಯ ಶೈಲಿಯಲ್ಲಿ ಹೇಳಿದ್ದರೆ ಹೀಗಾಗುತ್ತಿತ್ತೆಂದು, ಅಳಿಲು ರಗ್ಗಿನೊಳಗಿನ ಹುಳುವಿನಂತೆ ಸ್ನಗ್ ಆಗಿ ಮಲಗಿದೆಯೆಂಬ ಪುಟ್ಟ ಪ್ರಾಸವನ್ನು ಕೊನೆಯಲ್ಲಿ ಸೇರಿಸಿದನು. ಉದ್ದದ ಲೇಖವನ್ನು ಈಗ ನೆನೆಯುವವರು ವಿರಳ. ಪ್ರಾಸ ಮಾತ್ರ ಉಳಿದಿದೆ. ಪಂಜರದ ಕ್ಷೇಮವನ್ನು ಹೊಗಳಿ ಬರೆದ ಈ ಮನುಷ್ಯನೇ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದನು. ಬ್ರಿಟಿಷ್ ಸಾಮ್ರಾಜ್ಯದ ಒಳಗೆ ಸ್ನಗ್ ಆಗಿರುವುದು ಅವನ ದೇಶದವರಿಗೆ ಸಾಕೆನಿಸಲಿಲ್ಲ. ಸುಖದ ಆಶ್ರಯ ಯಾವಾಗ ಪಂಜರವಾಗುತ್ತದೆಂಬ ಪ್ರಶ್ನೆಗೆ ಅಳಿಲೂ ನಾಡೂ ಒಂದೇ ಉತ್ತರವನ್ನು ಕೊಟ್ಟವು. ಫಲ ಮಾತ್ರ ಬೇರೆ ಬೇರೆಯಾಯಿತು.

ಸ್ನಗ್ ಆಗಿರಲು ಹೊರಗೆ ಚಳಿಯಿರಬೇಕು ಎಂಬುದನ್ನು ಅತ್ಯಂತ ಚೆನ್ನಾಗಿ ಕಂಡುಕೊಂಡವನು ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್. 1851ರಲ್ಲಿ ಹೊರಬಂದ ಅವನ ‘ಮೋಬಿ ಡಿಕ್’ ತಿಮಿಂಗಿಲ ಬೇಟೆಗಾರರ ಕಥೆ. ಸಮುದ್ರಕ್ಕೆ ಹೊರಡುವ ಮೊದಲು ಇಬ್ಬರು ಗೆಳೆಯರು ಚಳಿಗಾಲದ ರಾತ್ರಿಯೊಂದನ್ನು ಬೆಂಕಿಯಿಲ್ಲದ ಕೋಣೆಯಲ್ಲಿ ಕಳೆಯುತ್ತಾರೆ. ಹೊದಿಕೆಗಳನ್ನು ಸುತ್ತ ಸೇರಿಸಿಕೊಂಡು, ಮೊಣಕಾಲುಗಳನ್ನು ಎದೆಗೆ ತಂದುಕೊಂಡು, ಅವುಗಳ ಮೇಲೆ ಮೂಗು ಬಾಗಿಸಿ ಹಾಸಿಗೆಯಲ್ಲಿಯೇ ಕುಳಿತ ಅವರಿಗೆ ಬಹಳ ಹಿತವೆನಿಸುತ್ತದೆ. ಆಗ ಕಥೆ ಹೇಳುವವನು ಒಂದು ವಿಚಾರವನ್ನು ಮುಂದಿಡುತ್ತಾನೆ: ಮೈಯ ಬಿಸುಪನ್ನು ಪೂರ್ಣವಾಗಿ ಸವಿಯಬೇಕಾದರೆ ಮೈಯ ಯಾವುದಾದರೂ ಒಂದು ಸಣ್ಣ ಭಾಗಕ್ಕೆ ಚಳಿ ತಾಗುತ್ತಿರಬೇಕು. ಮೂಗಿನ ತುದಿಯೋ ನೆತ್ತಿಯೋ ತಣ್ಣಗಿದ್ದರೆ ಉಳಿದ ಮೈಗೆ ತಾನು ಬೆಚ್ಚಗಿದ್ದೇನೆಂಬ ಅರಿವಾಗುತ್ತದೆ. ಆದಕಾರಣ ಮಲಗುವ ಕೋಣೆಯಲ್ಲಿ ಬೆಂಕಿ ಇರಲೇಬಾರದಂತೆ. ಸಿರಿವಂತರ ಕಷ್ಟಗಳಲ್ಲಿ ಅದೂ ಒಂದೆಂದು ಅವನು ಹಾಸ್ಯ ಮಾಡುತ್ತಾನೆ. ಅರಮನೆಯ ಸಭಾಂಗಣ ಏಕೆ ಸ್ನಗ್ ಆಗಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಇಂಗ್ಲಿಷಿನ ನೆರೆಯ ಪದಗಳಿಂದ ಇದನ್ನು ಬೇರ್ಪಡಿಸುವುದು ಈಗ ಸುಲಭ. ‘ಕಂಫರ್ಟ್’ ಎಂಬುದು ಲ್ಯಾಟಿನ್ ಮೂಲದ್ದು. ಅದರ ಧಾತುವಿನಲ್ಲಿರುವುದು ‘ಬಲಶಾಲಿ’ ಎಂಬ ಅರ್ಥ. ದುಃಖದಲ್ಲಿ ಕುಗ್ಗಿದವರಿಗೆ ಬಲ ತುಂಬುವುದೇ ಅದರ ಮೊದಲ ಕೆಲಸವಾಗಿತ್ತು. ‘ಕೋಜಿ’ ಸ್ಕಾಟ್‌ಲೆಂಡಿನ ಕಡೆಯಿಂದ ಬಂದುದು. ಚಹದ ಪಾತ್ರೆ ಆರದಂತೆ ಹೊದಿಸುವ ಗವಸಿಗೂ ಅದೇ ಹೆಸರು. ಇವೆರಡಕ್ಕೂ ಬಿರುಗಾಳಿಯ ಅಗತ್ಯವಿಲ್ಲ.

ಕನ್ನಡದಲ್ಲಿ ಈ ಪದಕ್ಕೆ ಸಮನಾದುದು ಯಾವುದು? ಒಂದೇ ಪದದಲ್ಲಿ ಹೇಳುವುದಾದರೆ ‘ಬೆಚ್ಚಗೆ’ ಎಂಬುದೇ ಹತ್ತಿರ. ‘ಬೆಚ್ಚಗಿರು’ ಎಂದರೆ ಮೈಗೆ ಬಿಸುಪು ಮಾತ್ರವಲ್ಲ, ಬದುಕಿಗೆ ಆಸರೆಯೂ ಹೌದು. ಸುಖದ ಅಂಶಗಳನ್ನು ಎಣಿಸುವ ಸರ್ವಜ್ಞನ ಪ್ರಸಿದ್ಧ ತ್ರಿಪದಿಯಲ್ಲಿಯೂ ಎಲ್ಲಕ್ಕಿಂತ ಮೊದಲು ಬರುವುದು ಮನೆಯ ಬೆಚ್ಚನೆಯ ಗುಣವೇ. ಹೆದರಿಕೆಯನ್ನು ಸೂಚಿಸುವ ‘ಬೆಚ್ಚು’ ಎಂಬ ಕ್ರಿಯಾಪದ ಬೇರೆ. ಹಳಗನ್ನಡದಲ್ಲಿ ಅದು ‘ಬೆರ್ಚು’. ಎರಡಕ್ಕೂ ನಂಟಿಲ್ಲ. ಆದರೂ ಗುಡುಗಿಗೆ ಬೆಚ್ಚಿದ ಮಗು ತಾಯಿಯ ಸೆರಗಿನಲ್ಲಿ ಬೆಚ್ಚಗಾಗುವುದನ್ನು ಕಂಡವರಿಗೆ ಈ ಆಕಸ್ಮಿಕವು ಸೊಗಸಾಗಿಯೇ ತೋರುತ್ತದೆ. ಕನ್ನಡದ ಹವೆ ಬೇರೆಯಾದುದರಿಂದ ಇನ್ನೊಂದು ತೊಡಕೂ ಉಂಟು. ಬಯಲುಸೀಮೆಯ ಬಿಸಿಲಿನಲ್ಲಿ ಬಾಳಿದ ಜನಕ್ಕೆ ತಂಪೇ ಸುಖ. ಹರಸುವಾಗ ‘ಹೊಟ್ಟೆ ತಣ್ಣಗಿರಲಿ’ ಎನ್ನುವ ಭಾಷೆಯಲ್ಲಿ ಆಸರೆಯೆಂದರೆ ಬಿಸುಪು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ. ‘ಅಚ್ಚುಕಟ್ಟು’ ಎಂಬ ಪದದಲ್ಲಿ ಸ್ನಗ್‌ನ ಹಡಗೂ ಬಡಗಿಯೂ ಇದ್ದಾರೆ, ಕಂಬಳಿ ಇಲ್ಲ; ‘ಬೆಚ್ಚಗೆ’ ಎಂಬುದರಲ್ಲಿ ಕಂಬಳಿಯಿದೆ, ಹಡಗಿಲ್ಲ.

ಆದಕಾರಣ ಅನುವಾದಿಸುವವನು ಸಂದರ್ಭವನ್ನು ನೋಡಿಯೇ ಹೆಜ್ಜೆಯಿಡಬೇಕು. ಮಕ್ಕಳು ಹಾಸಿಗೆಯಲ್ಲಿ ಸ್ನಗ್ ಆಗಿದ್ದರೆಂಬುದನ್ನು ‘ಬೆಚ್ಚಗೆ ಹೊದ್ದು ಮಲಗಿದ್ದರು’ ಎನ್ನಬಹುದು. ದೋಣಿ ಬಂದರಿನಲ್ಲಿ ಸ್ನಗ್ ಆಗಿತ್ತೆಂದರೆ ‘ಗಾಳಿ ಅಲೆಗಳ ಕಾಟವಿಲ್ಲದೆ ನಿಂತಿತ್ತು’ ಎನ್ನಬೇಕಾದೀತು. ಅಂಗಿಯ ಮಾತು ಬಂದರೆ ‘ಮೈಗೆ ಸರಿಯಾಗಿ ಕೂರುವ’ ಎಂದರೆ ಸಾಕು. ಎಲ್ಲ ಕಡೆಯೂ ‘ಸುಖಕರವಾದ’ ಎಂದು ಬರೆದುಬಿಟ್ಟರೆ ತಪ್ಪೆಂದು ಯಾರೂ ಅಂಕ ಕಳೆಯಲಾರರು. ಆದರೆ ಓದುವವನಿಗೆ ಹೊರಗಿನ ಗಾಳಿಯ ಸದ್ದು ಕೇಳಿಸುವುದಿಲ್ಲ.

ಈ ಪದಕ್ಕೆ ಒಂದು ನೆರಳಿನ ಪಕ್ಕವೂ ಉಂಟು. ಐರ್ಲೆಂಡಿನ ಹಳೆಯ ಪಾನಗೃಹಗಳಲ್ಲಿ ಮರದ ತಡಿಕೆಯಿಂದ ಮರೆಮಾಡಿದ ಪುಟ್ಟ ಕೋಣೆಯನ್ನು ‘ಸ್ನಗ್’ ಎನ್ನುತ್ತಾರೆ. ಎಲ್ಲರ ಕಣ್ಣಿಗೆ ಬೀಳಲು ಬಯಸದವರು ಅಲ್ಲಿ ಕೂರುತ್ತಿದ್ದರು. ಹೊರಗಿನ ಅಂಗಣದಲ್ಲಿ ಹೆಂಗಸರು ಕೂರುವುದನ್ನು ಸಮಾಜ ಒಪ್ಪದಿದ್ದ ಕಾಲದಲ್ಲಿ ಅವರಿಗೂ ಅದೇ ಸ್ಥಳ. ಆಸರೆಯೂ ಹೌದು, ದೂರ ಇಡುವ ಉಪಾಯವೂ ಹೌದು. ಶ್ರಮವಿಲ್ಲದೆ ಕೈಸೇರುವ ಸಾಕಷ್ಟು ವರಮಾನವನ್ನು ‘ಸ್ನಗ್’ ಎಂದು ಕರೆಯುವಾಗ ಇಂಗ್ಲಿಷ್ ಲೇಖಕರ ತುಟಿಯಲ್ಲಿ ಸಣ್ಣ ವ್ಯಂಗ್ಯ ಇರುತ್ತದೆ. ಒಂದಕ್ಷರ ಮಾತ್ರ ಬೇರೆಯಾದ ‘ಸ್ಮಗ್’ ಎಂಬ ಪದವೂ ಮೊದಲಿಗೆ ‘ಅಚ್ಚುಕಟ್ಟಾದ, ನೀಟಾದ’ ಎಂಬ ಒಳ್ಳೆಯ ಅರ್ಥವನ್ನೇ ಹೊತ್ತಿತ್ತು. ಮುಂದೆ ಅದು ತನ್ನಲ್ಲೇ ತಾನು ತೃಪ್ತನಾಗಿ ಬೀಗುವವನಿಗೆ ಅಂಟಿಕೊಂಡಿತು. ಸ್ನಗ್ ಆ ದಾರಿ ಹಿಡಿಯಲಿಲ್ಲವೆಂಬುದು ಅದರ ಪುಣ್ಯ. ಹೊರಗೆ ಬಿರುಗಾಳಿಯಿದೆಯೆಂಬ ನೆನಪು ಅದನ್ನು ಕಾಪಾಡಿರಬಹುದು.

ಬಿರುಗಾಳಿ ಹೊರಗೆ ಇದೆಯೆಂದಮೇಲೆ ಅದರಲ್ಲಿ ಯಾರಾದರೂ ಇರಲೂಬಹುದು. ಕನ್ನಡದ ಮಕ್ಕಳಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ, ಹೇಳುವವರ ಬಾಯಲ್ಲಿ ರೂಪ ಬದಲಿಸುತ್ತ, ಅವರಿಗೆ ಅನ್ನದ ತುತ್ತಿನೊಡನೆಯೇ ಬಂದಿರುತ್ತದೆ. ಮಳೆ ಹೊಡೆದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅದು ಗುಬ್ಬಕ್ಕನ ಮನೆಗೆ ಬಂದು ಬಾಗಿಲು ತಟ್ಟುತ್ತದೆ. ಮಗುವಿಗೆ ನೀರು ಹಾಕುತ್ತಿದ್ದೇನೆ, ಮಗುವಿಗೆ ಉಣಿಸುತ್ತಿದ್ದೇನೆ ಎಂದು ಗುಬ್ಬಕ್ಕ ಒಳಗಿನಿಂದ ಒಂದೊಂದೇ ನೆಪ ಹೇಳುತ್ತದೆ. ಗುಬ್ಬಕ್ಕನ ಎಚ್ಚರ ಜಾಣತನವೇ ಇರಬಹುದು. ಆದರೆ ಕಥೆ ಕೇಳುವ ಯಾವ ಮಗುವಿನ ಕಣ್ಣೂ ಗುಬ್ಬಕ್ಕನ ಒಲೆಯ ಮೇಲೆ ಮಾತ್ರ ನಿಲ್ಲುವುದಿಲ್ಲ. ನೆನೆಯುತ್ತಿರುವ ಕಾಗಕ್ಕನ ಕಡೆಗೂ ಹೊರಳುತ್ತದೆ.

ಇಂಗ್ಲಿಷ್ ಮಕ್ಕಳು ಓದುವ ಒಂದು ಕಥೆಯಲ್ಲಿಯೂ ಇಂಥದೇ ಬಾಗಿಲೊಂದಿದೆ. ಕೆನೆತ್ ಗ್ರಹಾಮ್ 1908ರಲ್ಲಿ ಪ್ರಕಟಿಸಿದ ‘ದಿ ವಿಂಡ್ ಇನ್ ದಿ ವಿಲ್ಲೋಸ್’ ಎಂಬ ಪುಸ್ತಕದಲ್ಲಿ, ನೆಲ ಕೊರೆದು ಬಾಳುವ ಮೋಲ್ ಎಂಬ ಪುಟ್ಟ ಪ್ರಾಣಿಯು ಚಳಿಗಾಲದಲ್ಲಿ ಕಾಡಿಗೆ ಹೋಗಿ ದಾರಿ ತಪ್ಪುತ್ತದೆ. ಅದನ್ನು ಹುಡುಕಿಕೊಂಡು ಗೆಳೆಯನಾದ ನೀರಿಲಿ ಬರುತ್ತದೆ. ಅಷ್ಟರಲ್ಲಿ ಹಿಮ ಬಿದ್ದು ಎಲ್ಲ ದಾರಿಗಳೂ ಅಳಿಸಿಹೋಗುತ್ತವೆ. ಅಲೆದು ದಣಿದಿದ್ದಾಗ ಹಿಮದಲ್ಲಿ ಅಡಗಿದ್ದ ಏನೋ ಒಂದು ಮೋಲ್‌ನ ಕಾಲನ್ನು ಕುಯ್ಯುತ್ತದೆ. ಕೆದಕಿ ನೋಡಿದರೆ ಅದು ಪಾದರಕ್ಷೆಯ ಕೆಸರನ್ನು ಉಜ್ಜಿ ತೆಗೆಯಲು ಮನೆಯ ಮುಂದೆ ನೆಡುವ ಕಬ್ಬಿಣದ ಪಟ್ಟಿ! ಅಂಥದು ಇದ್ದಮೇಲೆ ಬಾಗಿಲೂ ಇರಲೇಬೇಕಷ್ಟೆ. ಇನ್ನೂ ಅಗೆದಾಗ ದೊರೆತದ್ದು ಬ್ಯಾಜರ್ ಎಂಬ ಮುಂಗೋಪದ ಹಿರಿಯ ಪ್ರಾಣಿಯ ಮನೆಯ ಬಾಗಿಲು. ಇಂಥ ರಾತ್ರಿಯಲ್ಲಿ ತೊಂದರೆ ಕೊಡುವವರು ಯಾರೆಂದು ಬ್ಯಾಜರ್ ಗೊಣಗುತ್ತಲೇ ಅಗುಳಿ ತೆಗೆಯುತ್ತದೆ. ಗೆಳೆಯರ ದನಿಯನ್ನು ಗುರುತಿಸಿದೊಡನೆ ಒಳಗೆ ಕರೆದು, ಬೆಂಕಿಯ ಮುಂದೆ ಕೂರಿಸಿ, ಗಾಯಕ್ಕೆ ಪಟ್ಟಿ ಕಟ್ಟಿ, ಉಣಬಡಿಸುತ್ತದೆ. ನೆಲದೊಳಗಿನ ಆ ಅಡುಗೆಮನೆಯಲ್ಲಿ ಕುಳಿತಾಗ ಹೊರಗಿನ ಕಾಡು ಎಷ್ಟೋ ಮೈಲಿ ದೂರದ್ದೆಂದು ಅವರಿಗೆ ಅನ್ನಿಸುತ್ತದೆ.

ಮರುದಿನ ಬೆಳಗ್ಗೆ ತಡವಾಗಿ ಎದ್ದು ಅಡುಗೆಮನೆಗೆ ಬಂದ ಮೋಲ್ ಮತ್ತು ನೀರಿಲಿ ನೋಡುತ್ತವೆ: ಮೇಜಿನ ಮುಂದೆ, ಮೈತುಂಬ ಮುಳ್ಳಿನ ಎರಡು ಹೆಜ್ಜ್‌ಹಾಗ್ ಮರಿಗಳು ಮರದ ಬಟ್ಟಲುಗಳಿಂದ ಗಂಜಿ ಕುಡಿಯುತ್ತಿವೆ. ಶಾಲೆಗೆ ಹೊರಟಿದ್ದ ಅವು ಹಿಮದಲ್ಲಿ ದಾರಿ ತಪ್ಪಿ, ಹಿಂಬಾಗಿಲನ್ನು ಕಂಡು ಅದನ್ನು ತಟ್ಟಿದ್ದವು.